ದಾಯಾದಿಗಳ ಫುಟ್‌ಬಾಲ್

ಅದೊಂದು ನವೆಂಬರ್‌ನ ಭಾನುವಾರ. ಮರುದಿನ ಇಂಟರ್ನಲ್ಸ್ ಇದ್ದಿದ್ದರಿಂದ ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ಮೊದಲೇ ಎದ್ದಿದ್ದೆ. ಪುಸ್ತಕ ತೆರೆಯುವ ಮೊದಲು, ಅಜ್ಜಿಯ ಕಣ್ಣಿನ ಆಪರೇಷನ್ ವಿಷಯ ಹೇಳೋಣ ಅಂತ ಅಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿದ್ದಾಳೆ. ಅಲ್ಲಿ ಇನ್ನೂ ಶನಿವಾರ ಸಂಜೆ.

"ಏನೋ, ಎಲ್ಲಾ ಆರಾಮಾ? ಬೇಗ ಹೇಳು, ಮ್ಯಾಚ್ ಶುರುವಾಗತ್ತೆ" ಎಂದಳು. ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿದ್ದಳು. ಕ್ಯಾಮೆರಾ ತಿರುಗಿಸಿದಾಗ ನಗು ಬಂತು. ಸೋಫಾದ ಮಧ್ಯೆ ಉದ್ದಕ್ಕೆ ಒಂದು ಟೇಪು ಅಂಟಿಸಿದ್ದರು. ಆ ಕಡೆ ಭಾವ, ಕಡುಗೆಂಪು ಟೀ ಶರ್ಟಿನಲ್ಲಿ, ಚುರುಮುರಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇನ್ನು ನಾಲ್ಕು ಗಂಟೆ ಇವರು ನನ್ನ ಗಂಡ ಅಲ್ಲ" ಎಂದಳು ಅಕ್ಕ.

"ನಿಮ್ಮಕ್ಕ ಓದಿದ್ದು ದನ ಮೇಯಿಸೋರ ಕಾಲೇಜು ಕಣಪ್ಪಾ, ಅದಕ್ಕೇ ಹೀಗೆ" ಎಂದರು ಭಾವ.

ಅಕ್ಕ ಕಾಲ್ ಕಟ್ ಮಾಡಿದಳು. ಅಜ್ಜಿಯ ಆಪರೇಷನ್ ವಿಷಯ ಹೇಳಲು ಆಗಲೇ ಇಲ್ಲ.

ಅಕ್ಕ ಎಂಎಸ್ ಮಾಡಿದ್ದು ಆಬರ್ನ್ ವಿಶ್ವವಿದ್ಯಾಲಯದಲ್ಲಿ. ಭಾವ ಓದಿದ್ದು ಟಸ್ಕಲೂಸಾ ಊರಿನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದಲ್ಲಿ. ಎರಡೂ ಒಂದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು. ನಡುವಿನ ದೂರ ಸುಮಾರು 250 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟು. ಇಬ್ಬರೂ ಇಲ್ಲಿ ವಿಟಿಯು ಸಿಲಬಸ್ ಓದಿ, ಅಲ್ಲಿ ಎರಡೇ ವರ್ಷ ಕಳೆದವರು. ಆದರೂ ವರ್ಷಕ್ಕೊಮ್ಮೆ ಸೋಫಾದ ಮೇಲೆ ಗಡಿ ಎಳೆಯುವಷ್ಟು ಜೋರು ಆ ಜ್ವರ.

ಅವರದು ತಮಾಷೆ. ಆದರೆ ಆ ರಾಜ್ಯದಲ್ಲಿ ಇದೇ ಜಗಳಕ್ಕೆ ಮರಗಳಿಗೆ ವಿಷ ಹಾಕಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. ದೂರದ ರಾಜ್ಯದ ತಂಡದ ಮೇಲೆ ಇಲ್ಲದ ಸಿಟ್ಟು ಪಕ್ಕದೂರಿನ ಕಾಲೇಜಿನ ಮೇಲೆ ಯಾಕೆ? ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಬಿಡದಿರಲು ನನ್ನದೇ ಒಂದು ಕಾರಣವೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಅರ್ಧ ಡಾಲರ್ ಜಗಳ, 41 ವರ್ಷದ ಮೌನ

ಮೊದಲಿಗೆ, ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುವ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳ ಆಟಕ್ಕೆ ಇರುವ ಹುಚ್ಚು ನಮ್ಮ ಊಹೆಗೆ ಮೀರಿದ್ದು. ಅಲಬಾಮಾ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡು ಪಟ್ಟಿಗೂ ಹೆಚ್ಚು! ಇಡೀ ರಾಜ್ಯದ ಜನಸಂಖ್ಯೆಯೇ ಸುಮಾರು 50 ಲಕ್ಷ, ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ.

ಆಬರ್ನ್ ಮತ್ತು ಅಲಬಾಮಾ ಮೊದಲ ಬಾರಿ ಎದುರಾಗಿದ್ದು 1893ರ ಫೆಬ್ರುವರಿ 22ರಂದು, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಆಬರ್ನ್ 32–22ರಿಂದ ಗೆದ್ದಿತು. ಬರ್ಮಿಂಗ್‌ಹ್ಯಾಮ್ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ಊರು. ಹಾಗಾಗಿ ಮುಂದೆ ಈ ಪಂದ್ಯಕ್ಕೆ 'ಐರನ್ ಬೌಲ್' ಎಂಬ ಹೆಸರು ಬಂತು.

1907ರ ಪಂದ್ಯ 6–6 ಸಮವಾಯಿತು. ಮರುವರ್ಷದ ಪಂದ್ಯಕ್ಕೆ ಮಾತುಕತೆ ನಡೆಯುವಾಗ ತಕರಾರು ಎದ್ದಿತು. ಆಟಗಾರರಿಗೆ ದಿನಭತ್ಯೆ ಎಷ್ಟು ಕೊಡಬೇಕು? ಆಬರ್ನ್‌ನವರು ಮೂರೂವರೆ ಡಾಲರ್ ಎಂದರೆ ಅಲಬಾಮಾದವರು ಮೂರು ಡಾಲರ್ ಎಂದರು. ಎಷ್ಟು ಆಟಗಾರರಿಗೆ ಕೊಡಬೇಕು, ಅಂಪೈರ್ ಎಲ್ಲಿಂದ ಬರಬೇಕು ಎಂಬುದರಲ್ಲೂ ಒಮ್ಮತ ಬರಲಿಲ್ಲ. ಪಂದ್ಯ ನಿಂತಿತು. ಒಂದು ವರ್ಷಕ್ಕಲ್ಲ, ಎರಡು ವರ್ಷಕ್ಕಲ್ಲ, 1948ರವರೆಗೆ! ನಡುವೆ ಎರಡು ಮಹಾಯುದ್ಧಗಳು ಮುಗಿದವು, ನಮಗೆ ಸ್ವಾತಂತ್ರ್ಯ ಬಂತು. ಈ ಎರಡು ಕಾಲೇಜುಗಳ ತಂಡಗಳು ಮಾತ್ರ ಒಂದೇ ಮೈದಾನಕ್ಕೆ ಇಳಿಯಲಿಲ್ಲ.

ಕೊನೆಗೆ 1947ರಲ್ಲಿ ರಾಜ್ಯದ ಶಾಸನಸಭೆಯ ಕೆಳಮನೆಯೇ 'ದಯವಿಟ್ಟು ಆಡಿ' ಎಂಬರ್ಥದ ನಿರ್ಣಯ ಮಾಡಬೇಕಾಯಿತು. ಮರುವರ್ಷ ಎರಡೂ ಕಡೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಬರ್ಮಿಂಗ್‌ಹ್ಯಾಮ್‌ನ ಉದ್ಯಾನವೊಂದರಲ್ಲಿ ಗುಂಡಿ ತೋಡಿ ಒಂದು ಕೊಡಲಿಯನ್ನು ಹೂತರು. ಹಗೆತನ ಮುಗಿಯಿತು ಎಂಬುದರ ಸಂಕೇತ ಅದು. ಆಮೇಲೆ ನಡೆದ ಪಂದ್ಯದಲ್ಲಿ ಅಲಬಾಮಾ 55–0ರಿಂದ ಗೆದ್ದಿತು. ಹೂತ ಕೊಡಲಿಯ ಹಿಡಿ ಅಂದೇ ಮಣ್ಣಿನಿಂದ ಹೊರಗೆ ಬಂದಿರಬೇಕು!

ಇದನ್ನು ಓದುವಾಗ ನನಗೆ ನೆನಪಾಗಿದ್ದು ನಮ್ಮೂರಿನ ಎರಡು ಮನೆಗಳು. ಅಣ್ಣತಮ್ಮಂದಿರ ಮಕ್ಕಳು. ಹೊಲದ ಬದುವಿನಲ್ಲಿ ಒಂದೂವರೆ ಅಡಿ ಹೆಚ್ಚುಕಡಿಮೆಯಾಯಿತು ಅಂತ ಮಾತು ಬಿಟ್ಟು ಈಗ ಎರಡನೇ ತಲೆಮಾರು. ಆಚೆ ಬೀದಿಯವರ ಜೊತೆ ಇಬ್ಬರೂ ಚೆನ್ನಾಗಿದ್ದಾರೆ. ಅವರ ಮಧ್ಯೆ ಮಾತ್ರ ಇಲ್ಲ. ನಮ್ಮ ಹಿರಿಯರು ಇದಕ್ಕೆ ಒಂದು ಪದ ಇಟ್ಟಿದ್ದಾರೆ: ದಾಯಾದಿ ಮತ್ಸರ. ದಾಯ ಎಂದರೆ ಪಿತ್ರಾರ್ಜಿತದ ಪಾಲು. ಒಂದೇ ಆಸ್ತಿಯಲ್ಲಿ ಪಾಲು ಇದ್ದವರೇ ದಾಯಾದಿಗಳು. ಪಾಲು ಇಲ್ಲದವನ ಜೊತೆ ಜಗಳ ಯಾಕೆ ಬಂದೀತು?

ಅಲಬಾಮಾದ ಕಥೆಗೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ.

ದೊಡ್ಡಮನೆ, ಚಿಕ್ಕಮನೆ

ಭಾವ ಹೇಳಿದ 'ದನ ಮೇಯಿಸೋರ ಕಾಲೇಜು' ಎಂಬ ಹಂಗಿಸುವ ಮಾತಿಗೂ ಒಂದೂವರೆ ಶತಮಾನದ ಇತಿಹಾಸವಿದೆ. ಅಲಬಾಮಾ ವಿಶ್ವವಿದ್ಯಾಲಯ ಬಾಗಿಲು ತೆರೆದಿದ್ದು 1831ರಲ್ಲಿ. ವಕೀಲರು, ರಾಜಕಾರಣಿಗಳು, ವೈದ್ಯರ ಮಕ್ಕಳು ಓದುವ ರಾಜ್ಯದ ದೊಡ್ಡ ವಿದ್ಯಾಸಂಸ್ಥೆ ಎಂಬ ಹೆಸರು ಅದಕ್ಕಿತ್ತು. 1862ರಲ್ಲಿ ಅಧ್ಯಕ್ಷ ಲಿಂಕನ್ 'ಮೊರಿಲ್ ಕಾಯ್ದೆ'ಗೆ ಸಹಿ ಹಾಕಿದರು. ಕೃಷಿ ಮತ್ತು ತಾಂತ್ರಿಕ ವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಡುವ ಕಾಯ್ದೆ ಅದು. ಆ ಜಮೀನು ಮಾರಿ ಬಂದ ಹಣದಿಂದ ರೈತರ, ಕೆಲಸಗಾರರ ಮಕ್ಕಳಿಗೆ ಕಾಲೇಜು ನಡೆಸಬೇಕು. ಆಬರ್ನ್‌ನಲ್ಲಿ ಮೊದಲೇ ಇದ್ದ ಸಣ್ಣ ಕಾಲೇಜು 1872ರಲ್ಲಿ ಹೀಗೆ ರಾಜ್ಯದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಯಿತು. ಅದು ಅಧಿಕೃತವಾಗಿ 'ಆಬರ್ನ್ ವಿಶ್ವವಿದ್ಯಾಲಯ' ಎನಿಸಿಕೊಂಡಿದ್ದು 1960ರಲ್ಲಿ.

ಹೀಗೆ ಒಂದೇ ರಾಜ್ಯದಲ್ಲಿ ದೊಡ್ಡಮನೆ, ಚಿಕ್ಕಮನೆ ಹುಟ್ಟಿಕೊಂಡವು. ಒಬ್ಬರಿಗೆ 'ನಾವು ಮೊದಲಿನವರು' ಎಂಬ ಗತ್ತು. ಇನ್ನೊಬ್ಬರಿಗೆ 'ನಮ್ಮನ್ನು ಇವರು ಯಾವತ್ತೂ ಸಮಾನವಾಗಿ ನೋಡಲಿಲ್ಲ' ಎಂಬ ಕಿಚ್ಚು. ಇಬ್ಬರೂ ಕೈಯೊಡ್ಡುವುದು ಒಂದೇ ರಾಜ್ಯದ ಖಜಾನೆಯ ಮುಂದೆ.

ಇದು ಅಲಬಾಮಾ ಒಂದರ ಕಥೆಯಲ್ಲ. ಅಮೆರಿಕದ ಪ್ರಸಿದ್ಧ ಒಂದೇ ರಾಜ್ಯದ ಕಾಲೇಜು ಹಗೆಗಳ ಪಟ್ಟಿ ಮಾಡುತ್ತಾ ಹೋದಾಗ ನನಗೆ ಅಚ್ಚರಿಯಾಯಿತು. ಮಿಸಿಸಿಪ್ಪಿ ಮತ್ತು ಮಿಸಿಸಿಪ್ಪಿ ಸ್ಟೇಟ್, ಮಿಷಿಗನ್ ಮತ್ತು ಮಿಷಿಗನ್ ಸ್ಟೇಟ್, ಸೌತ್ ಕೆರೊಲಿನಾ ಮತ್ತು ಕ್ಲೆಮ್ಸನ್, ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ. ಎಲ್ಲ ಕಡೆ ಅದೇ ಜೋಡಿ: ರಾಜ್ಯದ ಹೆಸರು ಹೊತ್ತ ದೊಡ್ಡ ವಿಶ್ವವಿದ್ಯಾಲಯ ಒಂದು, ಕೃಷಿ ಕಾಲೇಜಾಗಿ ಬೆಳೆದಿದ್ದು ಇನ್ನೊಂದು.

ಜಗಳಗಳೂ ಸಣ್ಣವಲ್ಲ. 1902ರಲ್ಲಿ ಸೌತ್ ಕೆರೊಲಿನಾ–ಕ್ಲೆಮ್ಸನ್ ಪಂದ್ಯದ ನಂತರ ಒಂದು ಅಣಕು ಚಿತ್ರದ ವಿಷಯಕ್ಕೆ ವಿದ್ಯಾರ್ಥಿಗಳು ಆಯುಧ ಹಿಡಿದು ಎದುರುಬದುರಾದರು. ಹುಂಜ ಹುಲಿಯನ್ನು ಸೋಲಿಸಿದಂತೆ ಬರೆದ ಚಿತ್ರ ಅದು. ಹುಂಜ ಒಂದು ಕಾಲೇಜಿನ ಲಾಂಛನ, ಹುಲಿ ಇನ್ನೊಂದರದು. ಆಮೇಲೆ 1909ರವರೆಗೆ ಪಂದ್ಯವೇ ನಡೆಯಲಿಲ್ಲ. 1926ರಲ್ಲಿ ಮಿಸಿಸಿಪ್ಪಿಯಲ್ಲಿ ಗೆದ್ದವರು ಗೋಲ್ ಕಂಬ ಕೀಳಲು ಹೋದಾಗ, ಸೋತವರು ಕುರ್ಚಿ ಎತ್ತಿಕೊಂಡು ಬಡಿದಾಡಿದರು. ಮುಂದಿನ ವರ್ಷದಿಂದ, ಹೊಡೆದಾಟ ತಪ್ಪಿಸಲು, ಗೆದ್ದವರಿಗೆ ಚಿನ್ನದ ಬಣ್ಣದ ಚೆಂಡಿನ ಟ್ರೋಫಿ ಕೊಡಲು ಶುರು ಮಾಡಿದರು.

2007ರಲ್ಲಿ ಮಿಷಿಗನ್ ಆಟಗಾರ ಮೈಕ್ ಹಾರ್ಟ್ ಪಂದ್ಯ ಗೆದ್ದ ಮೇಲೆ ಮಿಷಿಗನ್ ಸ್ಟೇಟ್ ತಂಡವನ್ನು 'ತಮ್ಮ'ನಿಗೆ ಹೋಲಿಸಿದರು. ಚಿಕ್ಕವನು ಗೆಲ್ಲುತ್ತಿದ್ದಾನೆ ಅಂತ ಖುಷಿಪಡಲು ಬಿಟ್ಟು, ಕೊನೆಗೆ ಚೆಂಡು ಕಿತ್ತುಕೊಳ್ಳುವ ಅಣ್ಣನ ಧಾಟಿ ಆ ಮಾತಿನಲ್ಲಿತ್ತು. 'ತಮ್ಮ' ಮುಂದಿನ ನಾಲ್ಕು ವರ್ಷ ಸತತವಾಗಿ ಅಣ್ಣನನ್ನು ಸೋಲಿಸಿದ! ಬೈಗುಳವೂ ಸಂಬಂಧದ ಹೆಸರಲ್ಲೇ ಬರುತ್ತದೆ ನೋಡಿ.

ಒಂದೇ ಥರ ಇರುವವರ ಕಷ್ಟ

ಇದನ್ನು ಮನಃಶಾಸ್ತ್ರಜ್ಞರೂ ಗಮನಿಸಿದ್ದಾರೆ. ನೂರು ವರ್ಷಗಳ ಹಿಂದೆಯೇ ಸಿಗ್ಮಂಡ್ ಫ್ರಾಯ್ಡ್, ಅಕ್ಕಪಕ್ಕದಲ್ಲಿದ್ದು ಬಹುಪಾಲು ಒಂದೇ ಥರ ಇರುವ ಜನಗಳೇ ಒಬ್ಬರನ್ನೊಬ್ಬರು ಹೆಚ್ಚು ಹಂಗಿಸುತ್ತಾರೆ ಎಂದು ಬರೆದರು. ಸಣ್ಣ ವ್ಯತ್ಯಾಸಗಳನ್ನು ಹಿಡಿದುಕೊಂಡೇ 'ನಾನು ಬೇರೆ' ಎಂದು ತೋರಿಸಬೇಕಲ್ಲ!

1970ರ ಸುಮಾರಿಗೆ ಹೆನ್ರಿ ಟಾಜ್‌ಫೆಲ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ಪ್ರಯೋಗ ಮಾಡಿದರು. ಹುಡುಗರಿಗೆ ಪೌಲ್ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ, 'ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್‌ಸ್ಕಿ ಗುಂಪು' ಎಂದರು. ತಮ್ಮ ಗುಂಪಿನಲ್ಲಿ ಇನ್ಯಾರಿದ್ದಾರೆ ಎಂಬುದೂ ಆ ಹುಡುಗರಿಗೆ ಗೊತ್ತಿರಲಿಲ್ಲ. ಆಮೇಲೆ ಬೇರೆಯವರಿಗೆ ಹಣ ಹಂಚಲು ಹೇಳಿದರೆ ಹುಡುಗರು ತಮ್ಮ ಗುಂಪಿನ ಪರ ವಾಲಿದರು. ಇಬ್ಬರಿಗೂ ಲಾಭವಾಗುವ ದಾರಿ ಇದ್ದರೂ, ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಪರವಾಗಿಲ್ಲ, ಎದುರು ಗುಂಪಿಗಿಂತ ಮುಂದಿದ್ದರೆ ಸಾಕು ಎಂಬ ಒಲವು ಕಂಡಿತು.

ಅರ್ಧ ಗಂಟೆಯ ಹಿಂದೆ ಹುಟ್ಟಿದ ಗುಂಪಿಗೇ ಇಷ್ಟು ನಿಷ್ಠೆ. ಇನ್ನು ಅಜ್ಜನ ಕಾಲದಿಂದ ಬಂದ ಗುಂಪಾದರೆ?

ತಪ್ಪಿಸಿಕೊಳ್ಳಲು ಜಾಗವಿಲ್ಲ

ಆದರೆ ಗುಂಪು ಎಲ್ಲ ಕಡೆ ಇದೆ. ಅಲಬಾಮಾದಲ್ಲಿ ಮಾತ್ರ ಅದು ಇಷ್ಟು ಕಹಿಯಾಗುವುದು ಯಾಕೆ? ಅಕ್ಕನನ್ನು ಕೇಳಿದೆ.

"ಇಲ್ಲಿ ಮನೆ ಬಾಡಿಗೆಗೆ ಹಿಡಿದ ವಾರ ಪಕ್ಕದ ಮನೆ ಅಜ್ಜಿ ಕೇಕ್ ತಂದುಕೊಟ್ಟು ಕೇಳಿದ ಎರಡನೇ ಪ್ರಶ್ನೆ ಗೊತ್ತಾ? ನೀವು ಯಾವ ಕಡೆ ಅಂತ. ಯಾವ ದೇಶ ಅಂತ ಆಮೇಲೆ ಕೇಳಿದ್ರು" ಎಂದಳು.

ಆ ರಾಜ್ಯದಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್‌ನ ಒಂದು ತಂಡವೂ ಇಲ್ಲ. ಲೀಗ್‌ನಲ್ಲಿರುವುದು 32 ತಂಡಗಳು, ಅಲಬಾಮಾಕ್ಕೆ ಒಂದೂ ಇಲ್ಲ. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್‌ನ ದೊಡ್ಡ ಲೀಗ್‌ಗಳಲ್ಲೂ ಇಲ್ಲ. ನಮ್ಮಲ್ಲಿ ಕಾಲೇಜು ತಂಡ ಸೋತರೆ ಸಂಜೆಗೆ ಆರ್‌ಸಿಬಿ ಇದೆ, ಭಾರತ ತಂಡ ಇದೆ. ಒಂದೇ ಜೆರ್ಸಿ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಕೂಗಬಹುದು. ಅಲ್ಲಿ ಇಡೀ ರಾಜ್ಯದ ಕ್ರೀಡಾಭಿಮಾನ ಹರಿದುಹೋಗಲು ಇರುವುದು ಎರಡೇ ಕಾಲುವೆ.

ಪಂದ್ಯ ನಡೆಯುವುದು ವರ್ಷಕ್ಕೊಮ್ಮೆ, ಅದೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯದಲ್ಲಿ. ನಮ್ಮ ದೀಪಾವಳಿಯ ಹಾಗೆ ಎಲ್ಲರೂ ಊರಿಗೆ ಬಂದು ಸೇರುವ ಹೊತ್ತು. ಮಾವ ಒಂದು ಕಡೆ, ಅಳಿಯ ಇನ್ನೊಂದು ಕಡೆ, ಒಂದೇ ಊಟದ ಮೇಜು. ಸೋತವನು ಎದ್ದು ಹೋಗುವ ಹಾಗಿಲ್ಲ. ಸೋಮವಾರ ಆಫೀಸಿಗೆ ಹೋದರೆ ಅಲ್ಲೂ ಅದೇ. ನಮ್ಮ ಐಪಿಎಲ್‌ನಲ್ಲಾದರೆ ಲೀಗ್ ಹಂತದಲ್ಲೇ 14 ಪಂದ್ಯ, ಇವತ್ತಿನ ಸೋಲಿಗೆ ಮೂರು ದಿನ ಬಿಟ್ಟು ಉತ್ತರ ಕೊಡಬಹುದು. ಇಲ್ಲಿ ಇಂದಿನ ಸೋಲಿಗೆ ಉತ್ತರ ಕೊಡಲು ಒಂದು ವರ್ಷ ಕಾಯಬೇಕು. ಅಷ್ಟೂ ದಿನ ಪಕ್ಕದ ಮನೆಯವನು ನಗುತ್ತಲೇ ಇರುತ್ತಾನೆ.

ಆಟಗಾರರೂ ಹೊರಗಿನಿಂದ ಬಂದವರಷ್ಟೇ ಅಲ್ಲ. ರಾಜ್ಯದ ಒಳ್ಳೆಯ ಹೈಸ್ಕೂಲ್ ಆಟಗಾರರಿಗಾಗಿ ಎರಡೂ ಕಾಲೇಜುಗಳು ಗಾಳ ಹಾಕುತ್ತವೆ. ಒಬ್ಬ ಹುಡುಗ ಈ ಕಡೆ ಹೋದ ಎಂದರೆ ಆ ಕಡೆಗೆ ಎರಡು ಸಲ ನಷ್ಟ: ಒಬ್ಬ ಕಡಿಮೆಯಾದ, ಎದುರಾಳಿಗೆ ಒಬ್ಬ ಹೆಚ್ಚಾದ. 2009ರಿಂದ 2012ರವರೆಗಿನ ನಾಲ್ಕು ವರ್ಷ ರಾಷ್ಟ್ರೀಯ ಚಾಂಪಿಯನ್ ಪಟ್ಟ ಈ ರಾಜ್ಯ ಬಿಟ್ಟು ಹೊರಗೆ ಹೋಗಲಿಲ್ಲ. ಮೂರು ಬಾರಿ ಅಲಬಾಮಾ, ನಡುವೆ 2010ರಲ್ಲಿ ಆಬರ್ನ್. ರಾಜ್ಯಕ್ಕೆ ಹೆಮ್ಮೆ ಎಂದು ಒಟ್ಟಿಗೆ ಕುಣಿದರೇ? "ಚಾನ್ಸೇ ಇಲ್ಲ" ಎಂದರು ಭಾವ. "ಅವರು ಗೆದ್ದ ವರ್ಷ ನಾನು ಇಲ್ಲಿರಲಿಲ್ಲ, ಆದರೂ ಈಗಲೂ ಹೊಟ್ಟೆ ಉರಿಯತ್ತೆ!"

'ನಾವು' ಗೆದ್ದೆವು, 'ಅವರು' ಸೋತರು

2013ರ ನವೆಂಬರ್ 30ರ ಪಂದ್ಯದ ವಿಡಿಯೊ ಯೂಟ್ಯೂಬ್‌ನಲ್ಲಿದೆ, ಆಟ ಅರ್ಥವಾಗದಿದ್ದರೂ ನೋಡಿ. ಅಲಬಾಮಾ ದೇಶದ ನಂಬರ್ ಒನ್ ತಂಡ. ಸ್ಕೋರ್ 28–28. ಉಳಿದಿರುವುದು ಒಂದೇ ಒಂದು ಸೆಕೆಂಡ್. ಅಲಬಾಮಾ 57 ಗಜ ದೂರದಿಂದ ಗೋಲ್ ಕಂಬದತ್ತ ಚೆಂಡು ಒದೆಯಿತು. ಚೆಂಡು ತಲುಪಲಿಲ್ಲ. ಕಂಬದ ಬಳಿ ನಿಂತಿದ್ದ ಆಬರ್ನ್ ಆಟಗಾರ ಕ್ರಿಸ್ ಡೇವಿಸ್ ಅದನ್ನು ಹಿಡಿದು ಓಡತೊಡಗಿದರು. ಮೈದಾನದ ಈ ತುದಿಯಿಂದ ಆ ತುದಿಯವರೆಗೆ, ಯಾರ ಕೈಗೂ ಸಿಗದೆ! 34–28. ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಈ ಪಂದ್ಯಕ್ಕೆ 'ಕಿಕ್ ಸಿಕ್ಸ್' ಎಂದೇ ಹೆಸರು.

ಓಡಿದ್ದು ಒಬ್ಬ ಹುಡುಗ. ಆದರೆ 'ನಾವು ಗೆದ್ದೆವು' ಎಂದಿದ್ದು ಅರ್ಧ ರಾಜ್ಯ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳ ಲೆಕ್ಕ ಮಾಡಿದ್ದರು. ಶನಿವಾರ ಕಾಲೇಜು ತಂಡ ಗೆದ್ದರೆ, ಸೋಮವಾರ ತರಗತಿಗೆ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವವರು ಹೆಚ್ಚುತ್ತಿದ್ದರು. ಪಂದ್ಯದ ಬಗ್ಗೆ ಕೇಳಿದರೆ, ಗೆದ್ದಾಗ 'ನಾವು' ಎನ್ನುವವರು ಸೋತಾಗ 'ಅವರು' ಎನ್ನಲು ಶುರು ಮಾಡುತ್ತಿದ್ದರು. ಅದಕ್ಕಿಂತ ಕುತೂಹಲದ ವಿಷಯ, ಸ್ವಲ್ಪ ಮೊದಲು ತಮಗೆ ಏನೋ ಒಂದರಲ್ಲಿ ಸೋಲಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಈ ಅಭ್ಯಾಸ ಹೆಚ್ಚು ಕಂಡಿತ್ತು.

ಇದನ್ನು ಓದಿದಾಗ ನನಗೆ ಕನ್ನಡಿ ನೋಡಿದಂತಾಯಿತು. ಬ್ಯಾಕ್‌ಲಾಗ್ ಉಳಿದ ಸೆಮಿಸ್ಟರ್‌ನಲ್ಲೇ ಕಾಲೇಜು ತಂಡದ ಪರ ನನ್ನ ಗಂಟಲು ಎಲ್ಲರಿಗಿಂತ ಜೋರಾಗಿತ್ತು. ನಮ್ಮದೇ ಗೆಲುವು ಇಲ್ಲದಾಗ ಸಾಲಕ್ಕೆ ತಂದ ಗೆಲುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ ಅನಿಸುತ್ತದೆ.

ಮರಕ್ಕೆ ಹಾಕಿದ ವಿಷ

ಆಬರ್ನ್ ಕ್ಯಾಂಪಸ್ ಊರಿಗೆ ಸೇರುವ ಮೂಲೆಗೆ ಟೂಮರ್ಸ್ ಕಾರ್ನರ್ ಎಂದು ಹೆಸರು. ಅಲ್ಲಿ ಎರಡು ದೊಡ್ಡ ಓಕ್ ಮರಗಳಿದ್ದವು. ತಂಡ ಗೆದ್ದಾಗ ಊರವರೆಲ್ಲ ಅಲ್ಲಿ ಸೇರಿ ಟಾಯ್ಲೆಟ್ ಪೇಪರ್ ಸುರುಳಿಗಳನ್ನು ಕೊಂಬೆಗಳ ಮೇಲೆ ಎಸೆಯುತ್ತಿದ್ದರು. ಮರ ಪೂರ್ತಿ ಬೆಳ್ಳಗೆ. ನಮ್ಮಲ್ಲಿ ಪಟಾಕಿ ಹೊಡೆದ ಹಾಗೆ.

2010ರ ಐರನ್ ಬೌಲ್‌ನಲ್ಲಿ ಅಲಬಾಮಾ ತನ್ನದೇ ಅಂಗಳದಲ್ಲಿ 24–0 ಮುಂದಿತ್ತು. ಅಲ್ಲಿಂದ ಆಬರ್ನ್ ಎದ್ದು ಬಂದು 28–27ರಿಂದ ಗೆದ್ದಿತು. ಎರಡು ತಿಂಗಳ ನಂತರ, 2011ರ ಜನವರಿ ಕೊನೆಯಲ್ಲಿ, ಪಾಲ್ ಫೈನ್‌ಬಾಮ್ ಅವರ ಜನಪ್ರಿಯ ರೇಡಿಯೊ ಕಾರ್ಯಕ್ರಮಕ್ಕೆ ಒಬ್ಬ ಫೋನ್ ಮಾಡಿದ. ಹೆಸರು ಅಲ್ ಎಂದ. ಆ ಓಕ್ ಮರಗಳಿಗೆ ತಾನು ವಿಷ ಹಾಕಿದ್ದೇನೆ ಎಂದು ಹೇಳಿಕೊಂಡ. ಮಣ್ಣು ಪರೀಕ್ಷೆ ಮಾಡಿದರೆ ನಿಜ! ಕಳೆನಾಶಕವನ್ನು ಅಪಾರ ಪ್ರಮಾಣದಲ್ಲಿ ಸುರಿಯಲಾಗಿತ್ತು. ಪೊಲೀಸರು ಹಿಡಿದಾಗ ಆತ ಹಾರ್ವಿ ಅಪ್‌ಡೈಕ್, ಅರವತ್ತು ದಾಟಿದ ಮನುಷ್ಯ, ಒಂದು ಕಾಲದಲ್ಲಿ ಟೆಕ್ಸಸ್‌ನಲ್ಲಿ ಪೊಲೀಸ್ ಕೆಲಸ ಮಾಡಿದವನು. ಅಲಬಾಮಾ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಯೂ ಆಗಿರಲಿಲ್ಲ. ಮಗನಿಗೆ ಅಲಬಾಮಾದ ದಂತಕಥೆಯಾದ ಕೋಚ್ 'ಬೇರ್' ಬ್ರಯಂಟ್ ಹೆಸರು, ಮಗಳಿಗೆ ತಂಡದ ಅಡ್ಡಹೆಸರು ಇಟ್ಟಿದ್ದ.

2013ರಲ್ಲಿ ಆತ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಸುಮಾರು 8 ಲಕ್ಷ ಡಾಲರ್ ಪರಿಹಾರ ಕಟ್ಟಬೇಕೆಂದು ನ್ಯಾಯಾಲಯ ಹೇಳಿತು. ಮರಗಳನ್ನು ಉಳಿಸಲು ವಿಶ್ವವಿದ್ಯಾಲಯ ವಿಷ ಬೆರೆತ ಮಣ್ಣನ್ನೇ ಅಗೆದು ತೆಗೆಸಿ ನೋಡಿತು. ಆಗಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕಡಿಯಬೇಕಾಯಿತು. ಅಪ್‌ಡೈಕ್ 2020ರಲ್ಲಿ ತೀರಿಕೊಂಡ.

ನನಗೆ ಕಾಡುವುದು ಆ ಫೋನ್ ಕಾಲ್. ಸಿಕ್ಕಿಬೀಳುತ್ತೇನೆ ಎಂದು ಗೊತ್ತಿದ್ದೂ ರೇಡಿಯೊದಲ್ಲಿ ಹೇಳಿಕೊಳ್ಳಬೇಕೆನಿಸಿತಲ್ಲ! ಎದುರಿನವರಿಗೆ ನೋವಾಯಿತು ಎಂಬುದು ಅವರಿಗೆ ಗೊತ್ತಾಗದಿದ್ದರೆ ಆತನಿಗೆ ಗೆಲುವು ಪೂರ್ತಿಯಾಗುತ್ತಿರಲಿಲ್ಲ. ಎಲ್ಲಿ ಚುಚ್ಚಿದರೆ ಹೆಚ್ಚು ನೋಯುತ್ತದೆ ಎಂಬುದು ದಾಯಾದಿಗೆ ಚೆನ್ನಾಗಿ ಗೊತ್ತು. ದೂರದವನಿಗೆ ಆ ಮರದ ಬೆಲೆ ಗೊತ್ತಿರುತ್ತಿರಲಿಲ್ಲ.

ಬಿರುಗಾಳಿ ಬಂದ ದಿನ

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ವಿಷದ ಸುದ್ದಿ ಹೊರಬಿದ್ದಾಗ ಅಲಬಾಮಾ ಅಭಿಮಾನಿಗಳಲ್ಲೇ ಹಲವರು ನಾಚಿಕೆಪಟ್ಟರು. 'ಟೈಡ್ ಫಾರ್ ಟೂಮರ್ಸ್' ಎಂದು ಗುಂಪು ಕಟ್ಟಿ, ಎದುರಾಳಿಯ ಮರ ಉಳಿಸಲು ಹಣ ಕೂಡಿಸಿದರು. ಅದಾಗಿ ಎರಡೇ ತಿಂಗಳು. 2011ರ ಏಪ್ರಿಲ್ 27ರಂದು ಟಸ್ಕಲೂಸಾ ಊರಿನ ಮೇಲೆ ಭೀಕರ ಸುಂಟರಗಾಳಿ ಹಾದುಹೋಯಿತು. ಬೀದಿಗೆ ಬೀದಿಯೇ ಕಿತ್ತುಹೋದವು. ಆ ಒಂದೇ ದಿನ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಆಗ ಆಬರ್ನ್ ಅಭಿಮಾನಿಗಳು 'ಟೂಮರ್ಸ್ ಫಾರ್ ಟಸ್ಕಲೂಸಾ' ಎಂಬ ಫೇಸ್‌ಬುಕ್ ಪುಟ ತೆರೆದರು. ನೀರು, ಊಟ, ಬಟ್ಟೆ, ಟಾರ್ಪಾಲು, ಮರ ಕತ್ತರಿಸುವ ಯಂತ್ರ. ಎಲ್ಲಿ ಏನು ಬೇಕು ಎಂದು ಅಲ್ಲಿ ಬರೆದರೆ, ಸ್ವಯಂಸೇವಕರು ಹುಡುಕಿ ತಲುಪಿಸುತ್ತಿದ್ದರು. ಮರಕ್ಕೆ ವಿಷ ಹಾಕಿಸಿಕೊಂಡವರು, ಅದೇ ಮರದ ಹೆಸರಿನಲ್ಲಿ, ಎದುರಾಳಿಯ ಊರಿಗೆ ನೆರವು ಒಯ್ದರು.

ಒಂದೇ ಮೇಜಿನಲ್ಲಿ ಉಣ್ಣುವವರಾದ್ದರಿಂದ ಅವರ ನಡುವೆ ಹಗೆ ಹುಟ್ಟಿತು. ಮೇಜೇ ಮುರಿದುಬಿದ್ದಾಗ ಮೊದಲು ಓಡಿಬಂದವರಲ್ಲೂ ಅವರೇ ಇದ್ದರು. ನಮ್ಮೂರಿನ ಆ ಎರಡು ಮನೆಗಳಲ್ಲೂ ಹಾಗೇ ಆಗಿತ್ತು. ವರ್ಷಗಟ್ಟಲೆ ಮಾತಿಲ್ಲದ ಮನೆಯಲ್ಲಿ ಸಾವಾದಾಗ, ಚಟ್ಟ ಕಟ್ಟಲು ಬಿದಿರು ತಂದವರು ಆ ಮನೆಯವರೇ.

ನನ್ನ ಫೋನಿನಲ್ಲಿದ್ದ ಫೋಟೊ

ಈಗ ನನ್ನ ಕಾರಣ ಹೇಳುತ್ತೇನೆ.

ನಾನು ಓದುತ್ತಿರುವ ಊರಿನಲ್ಲಿ ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ. ಪಿಯುಸಿಯಲ್ಲಿ ಎರಡು ವರ್ಷ ನನ್ನ ರೂಮ್‌ಮೇಟ್ ಆಗಿದ್ದ ಗೆಳೆಯ ಆ ಕಾಲೇಜಿನಲ್ಲಿದ್ದಾನೆ. ಸಿಇಟಿಯಲ್ಲಿ ನಮ್ಮಿಬ್ಬರ ರ‍್ಯಾಂಕ್ ಅಕ್ಕಪಕ್ಕದಲ್ಲೇ ಇತ್ತು. ಆಪ್ಷನ್ ಎಂಟ್ರಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಮಾಡಿದ್ದರೆ ನಾನು ಅಲ್ಲಿರುತ್ತಿದ್ದೆ, ಅವನು ಇಲ್ಲಿರುತ್ತಿದ್ದ. ಅಷ್ಟೇ ವ್ಯತ್ಯಾಸ. ಎರಡೂ ಕಡೆ ಅದೇ ಸಿಲಬಸ್, ಪ್ಲೇಸ್‌ಮೆಂಟ್‌ಗೆ ಬರುವುದೂ ಬಹುಪಾಲು ಅವೇ ಕಂಪನಿಗಳು.

ಕಳೆದ ವರ್ಷ ಇಂಟರ್ ಕಾಲೇಜು ಕ್ರಿಕೆಟ್ ಫೈನಲ್‌ನಲ್ಲಿ ಎರಡೂ ತಂಡಗಳು ಎದುರಾದವು. ಕೊನೆಯ ಓವರ್‌ನಲ್ಲಿ ಅವನು ಒಂದು ಕ್ಯಾಚ್ ಬಿಟ್ಟ. ನಾವು ಗೆದ್ದೆವು. ನೋಡಿ, 'ನಾವು' ಎಂದೇ ಬರೆದೆ. ನಾನು ಪೆವಿಲಿಯನ್ ಪಕ್ಕದ ಮರದಡಿ ಕೂತು ಕೂಗಿದ್ದಷ್ಟೇ.

ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವನ ಮೇಲೆ ಮೀಮ್ ಮಾಡುವ ಸಂಭ್ರಮ. "ಅವನ ಫೋಟೊ ಯಾರ ಹತ್ರ ಇದೆ?" ಎಂದು ಯಾರೋ ಕೇಳಿದರು. ನನ್ನ ಹತ್ತಿರ ಇತ್ತು. ಪಿಯುಸಿ ರೂಮಿನಲ್ಲಿ ತೆಗೆದದ್ದು. ಹರಿದ ಬನಿಯನ್‌ನಲ್ಲಿ, ಪಾತ್ರೆಯಿಂದಲೇ ಚಿತ್ರಾನ್ನ ತಿನ್ನುತ್ತಾ ನಗುತ್ತಿದ್ದ. ಆ ತಿಂಗಳು ಮನೆಯಿಂದ ದುಡ್ಡು ಬರದೆ ಇಬ್ಬರೂ ಮೆಸ್ ಬಿಟ್ಟು ಒಂದೇ ಪಾತ್ರೆಯಲ್ಲಿ ಉಂಡಿದ್ದೆವು. ಪಾತ್ರೆಯ ಅಂಚಿನಲ್ಲಿ ನನ್ನ ಕೈಯೂ ಕಾಣುತ್ತದೆ.

ಆ ಫೋಟೊ ಕಳಿಸಿದೆ. ಅರ್ಧ ಗಂಟೆಯಲ್ಲಿ ಅದು ಸ್ಟಿಕ್ಕರ್ ಆಯಿತು. 'ಕ್ಯಾಚ್ ಹಿಡಿಯೋಕೆ ಊಟ ಹಾಕಿ' ಎಂಬ ಸಾಲು ಬಂತು. ಮರುದಿನ ಎರಡೂ ಕಾಲೇಜಿನಲ್ಲಿ ಓಡಾಡಿತು. ನನ್ನ ಕೈಯನ್ನು ಕ್ರಾಪ್ ಮಾಡಿದ್ದರು.

ಅವನು ಬೈಯಲಿಲ್ಲ. ಒಂದೇ ಮೆಸೇಜ್ ಬಂತು: "ಈ ಫೋಟೊ ನಿನ್ನ ಹತ್ರ ಮಾತ್ರ ಇತ್ತು ಕಣೋ."

ಅಪ್‌ಡೈಕ್ ಕಥೆ ಓದುವಾಗ ನಾನು ಮೊದಲು ನಕ್ಕಿದ್ದೆ. ಎಂಥ ಹುಚ್ಚ ಅಂತ. ಆಮೇಲೆ ನಗು ನಿಂತಿತು. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂಬುದು ಗೊತ್ತಿದ್ದವನು ಇಡೀ ಗ್ರೂಪಿನಲ್ಲಿ ನಾನೊಬ್ಬನೇ ಇದ್ದೆ.

ಎಂಟು ತಿಂಗಳು ಮಾತಿರಲಿಲ್ಲ. ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ ಸಿಕ್ಕ. ಅವನ ಬೆನ್ನ ಮೇಲೆ ಅವನ ಕಾಲೇಜಿನ ಹೆಸರು, ನನ್ನ ಬೆನ್ನ ಮೇಲೆ ನನ್ನದು. ಅಕ್ಕನ ಸೋಫಾದ ಟೇಪು ನೆನಪಾಯಿತು. ಅವರ ಟೇಪು ಪಂದ್ಯ ಮುಗಿದ ಮೇಲೆ ಕಿತ್ತುಬರುತ್ತದೆ. ನಾನು ಅಂಟಿಸಿದ್ದನ್ನು ನಾನೇ ಕೀಳಬೇಕಿತ್ತು.

"ತಪ್ಪಾಯ್ತು ಕಣೋ" ಎಂದೆ. ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ತಯಾರಿ ಮಾಡಿದ ಎಷ್ಟೋ ವಾಕ್ಯಗಳಿಗಿಂತ ಇದು ಕಷ್ಟವಾಯಿತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬಸ್‌ಗೆ ಇನ್ನೂ ಇಪ್ಪತ್ತು ನಿಮಿಷ ಇದೆ. ಟೀ ಕುಡಿಯೋಣ ಬಾ. ದುಡ್ಡು ನೀನೇ ಕೊಡು" ಎಂದ.

ಮೊದಲಿನ ಹಾಗೆ ಆಗಿದ್ದೇವೆ ಎಂದು ಹೇಳಲಾರೆ. ಆ ಸ್ಟಿಕ್ಕರ್ ಈಗಲೂ ಯಾರ ಯಾರ ಫೋನಿನಲ್ಲೋ ಇದೆ. ಮುಂದಿನ ತಿಂಗಳು ಮತ್ತೆ ಟೂರ್ನಿ ಇದೆ, ನಮ್ಮ ಕಾಲೇಜೇ ಗೆಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಮರದಡಿ ಕೂತು ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ಆದರೆ ಪಂದ್ಯ ಮುಗಿದ ಮೇಲೆ ಆ ಕಡೆಯ ಪೆವಿಲಿಯನ್‌ಗೂ ಒಮ್ಮೆ ಹೋಗಿ ಬರಬೇಕು. ಗೆದ್ದರೂ, ಸೋತರೂ ಈ ಸಲ ಚಿತ್ರಾನ್ನದ ಡಬ್ಬಿ ನಾನು ಒಯ್ಯುತ್ತೇನೆ.